ಕೆಂಪು ಮನೆಯ ಗೃಹಸ್ಥ

ಮದುವೆಯನ್ನೂ ಮನೆಯನ್ನೂ ನಮ್ಮ ಗಾದೆ ಒಂದೇ ಉಸಿರಿನಲ್ಲಿ ಹೇಳುತ್ತದೆ. ಎರಡನ್ನೂ ಮಾಡಿ ನೋಡಿದವನಿಗೆ ಮಾತ್ರ ಅವುಗಳ ಕಷ್ಟ ತಿಳಿದೀತೆಂಬುದು ಅದರ ಇಂಗಿತ. ಇಂಗ್ಲೆಂಡಿನ ಕವಿ ವಿಲಿಯಂ ಮಾರಿಸನು ಈ ಎರಡು ಸಾಹಸಗಳಿಗೂ 1859ನೆಯ ಇಸವಿಯೊಂದರಲ್ಲೇ ಕೈಹಾಕಿದನು. ಆಗ ಅವನ ವಯಸ್ಸು ಇಪ್ಪತ್ತೈದು. ಏಪ್ರಿಲಿನಲ್ಲಿ ಮದುವೆಯಾಯಿತು, ಅದೇ ವರ್ಷ ಮನೆಯ ಕೆಲಸವೂ ತೊಡಗಿತು. ಮರುವರ್ಷದ ಬೇಸಗೆಯಲ್ಲಿ ಅವನು ಹೆಂಡತಿಯೊಡನೆ ಅಲ್ಲಿ ಸಂಸಾರ ಹೂಡಿದನು. ಆ ಮನೆಯಲ್ಲಿ ಅವನು ಬಾಳಿದ್ದು ಐದೇ ವರ್ಷ. ಆದರೆ ಅವನ ಉಳಿದ ಜೀವಿತವನ್ನೆಲ್ಲ ರೂಪಿಸಿದ್ದು ಆ ಐದು ವರ್ಷಗಳೇ ಎಂದರೆ ಉತ್ಪ್ರೇಕ್ಷೆಯಾಗದು. ನಮ್ಮ ವಿದ್ಯಾರ್ಥಿಗಳು ಅವನನ್ನು ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಕವಿಯೆಂದೋ ಸಮಾಜವಾದಿಯೆಂದೋ ಸಂಧಿಸಿರುತ್ತಾರೆ. ನಾನು ಇಲ್ಲಿ ಅವನನ್ನು ನೆನೆಯುತ್ತಿರುವುದು ಗೃಹಸ್ಥನಾಗಿ. ಮೊದಲ ಮನೆಯನ್ನು ಸಿಂಗರಿಸಲು ಹೊರಟು ತನ್ನ ಶೈಲಿಯನ್ನು ತಾನೇ ಕಂಡುಕೊಂಡವನಾಗಿ.

ಮಾರಿಸನು ಹುಟ್ಟಿದ್ದು 1834ರ ಮಾರ್ಚ್ 24ರಂದು, ಲಂಡನ್ನಿನ ಸಮೀಪದ ವಾಲ್ತಮ್‌ಸ್ಟೊ ಎಂಬ ಊರಿನಲ್ಲಿ. ತಂದೆ ಲಂಡನ್ನಿನ ಹಣಕಾಸಿನ ಪೇಟೆಯಲ್ಲಿ ವ್ಯವಹಾರಸ್ಥ. ಡೆವನ್ ಪ್ರಾಂತ್ಯದ ತಾಮ್ರದ ಗಣಿಯೊಂದರಲ್ಲಿ ತೊಡಗಿಸಿದ ಷೇರುಗಳಿಂದ ಆ ಕುಟುಂಬಕ್ಕೆ ಐಶ್ವರ್ಯ ಬಂದಿತು. ತಂದೆ 1847ರಲ್ಲೇ ತೀರಿಕೊಂಡರೂ, ಪ್ರಾಯಕ್ಕೆ ಬಂದ ಮಗನಿಗೆ ಆ ಷೇರುಗಳಿಂದ ವರ್ಷಕ್ಕೆ ಸುಮಾರು 900 ಪೌಂಡುಗಳ ವರಮಾನವಿತ್ತು. ದುಡಿಯದೆಯೇ ಸುಖವಾಗಿ ಬಾಳಬಹುದಾಗಿದ್ದ ಮನುಷ್ಯನವನು. ಪಾದ್ರಿಯಾಗಬೇಕೆಂಬ ಸಂಕಲ್ಪದಿಂದ 1853ರಲ್ಲಿ ಆಕ್ಸ್‌ಫರ್ಡನ್ನು ಸೇರಿದನು. ಅಲ್ಲಿ ಎಡ್ವರ್ಡ್ ಬರ್ನ್-ಜೋನ್ಸ್ ಎಂಬ ಸಹಪಾಠಿ ಆಜೀವ ಮಿತ್ರನಾಗಿ ದೊರೆತನು. 1855ರಲ್ಲಿ ಇಬ್ಬರೂ ಉತ್ತರ ಫ್ರಾನ್ಸಿನ ಪ್ರಾಚೀನ ದೇವಾಲಯಗಳನ್ನು ನೋಡಿಬಂದರು. ಶತಮಾನಗಳ ಹಿಂದೆ ಹೆಸರಿಲ್ಲದ ಕಲ್ಲುಕುಟಿಗರು ಕಡೆದ ಆ ಶಿಲೆಗಳು ಇಬ್ಬರ ಬದುಕಿನ ದಿಕ್ಕನ್ನೇ ಬದಲಿಸಿದವು. ಧರ್ಮೋಪದೇಶದ ವೃತ್ತಿಯನ್ನು ಬಿಟ್ಟು ಒಬ್ಬನು ಚಿತ್ರಕಾರನೂ ಇನ್ನೊಬ್ಬನು ವಾಸ್ತುಶಿಲ್ಪಿಯೂ ಆಗಬೇಕೆಂದು ನಿಶ್ಚಯಿಸಿದರು.

ಅದರಂತೆ ಮಾರಿಸನು 1856ರಲ್ಲಿ ಜಿ. ಇ. ಸ್ಟ್ರೀಟ್ ಎಂಬ ವಾಸ್ತುಶಿಲ್ಪಿಯ ಕಚೇರಿಯನ್ನು ಸೇರಿದನು. ಆ ಕೆಲಸದಲ್ಲಿ ಅವನು ಬಹುಕಾಲ ನಿಲ್ಲಲಿಲ್ಲ. ಆದರೆ ಅಲ್ಲಿ ಹಿರಿಯ ಸಹಾಯಕನಾಗಿದ್ದ ಫಿಲಿಪ್ ವೆಬ್ಬನ ಸ್ನೇಹವಾಯಿತು. ಆ ವರ್ಷವೇ ಕಚೇರಿಯು ಲಂಡನ್ನಿಗೆ ಬಂದಾಗ ಮಾರಿಸನೂ ಬರ್ನ್-ಜೋನ್ಸನೂ ರೆಡ್ ಲಯನ್ ಚೌಕದಲ್ಲಿ ಬಾಡಿಗೆಯ ಕೋಣೆಗಳನ್ನು ಹಿಡಿದರು. ಕೋಣೆಗಳು ಬರಿದಾಗಿದ್ದವು. ಪೀಠೋಪಕರಣಕ್ಕಾಗಿ ಅಂಗಡಿಗಳನ್ನು ಸುತ್ತಿದ ಮಾರಿಸನಿಗೆ ಮನಸ್ಸೊಪ್ಪುವ ಒಂದು ಕುರ್ಚಿಯೂ ಸಿಗಲಿಲ್ಲ. ಯಂತ್ರಗಳಿಂದ ಅಗ್ಗವಾಗಿ ಕೆತ್ತಿಸಿದ ಬಳ್ಳಿ ಮೊಗ್ಗುಗಳು, ಮರವಲ್ಲದುದನ್ನು ಮರವೆಂದೂ ಅಮೃತಶಿಲೆಯಲ್ಲದುದನ್ನು ಅಮೃತಶಿಲೆಯೆಂದೂ ತೋರಿಸುವ ಬಣ್ಣದ ಲೇಪಗಳು, ಬೆಳಕನ್ನು ನುಂಗುವ ದಪ್ಪ ಪರದೆಗಳು, ಇವೇ ಅಂದಿನ ಸಂಪನ್ನರ ಅಭಿರುಚಿ. ಕೊನೆಗೆ ತಾನೇ ನಕ್ಷೆ ಬರೆದು ಬಡಗಿಯಿಂದ ಮಾಡಿಸಿದನು. ಎತ್ತರದ ಬೆನ್ನುಳ್ಳ ಬೆಂಚೊಂದು ಬಂದಾಗ ಅದು ಕೋಣೆಯ ಬಹುಭಾಗವನ್ನು ಆಕ್ರಮಿಸಿತು. ಮಿತ್ರರು ನಕ್ಕರು, ನಕ್ಕವರೇ ಕುಂಚ ಹಿಡಿದು ಅದರ ಹಲಗೆಗಳ ಮೇಲೆ ಚಿತ್ರ ಬರೆಯಲು ಕುಳಿತರು. ಅವರಲ್ಲಿ ಕವಿಚಿತ್ರಕಾರ ರೊಸೆಟ್ಟಿಯೂ ಒಬ್ಬನು.

1857ರಲ್ಲಿ ಆಕ್ಸ್‌ಫರ್ಡಿನಲ್ಲಿ ಭಿತ್ತಿಚಿತ್ರದ ಕೆಲಸ ನಡೆಯುತ್ತಿದ್ದಾಗ ಈ ಗೆಳೆಯರಿಗೆ ಜೇನ್ ಬರ್ಡನ್ ಎಂಬ ಯುವತಿಯ ಪರಿಚಯವಾಯಿತು. ಆಕೆ ಕುದುರೆಲಾಯದಲ್ಲಿ ದುಡಿಯುತ್ತಿದ್ದ ಬಡವನೊಬ್ಬನ ಮಗಳು. ಅಸಾಧಾರಣವಾದ ಗಂಭೀರ ಚೆಲುವೆ. ಮಾರಿಸನು ಆಕೆಯನ್ನು ವರಿಸಿದನು. ಮದುವೆಗೆ ಅವನ ಮನೆಯವರು ಯಾರೂ ಬರಲಿಲ್ಲ. ತವರಿನ ಸಿರಿಯಿಂದ ಮನಸಾ ದೂರ ಸರಿದ ವರನಿಗೂ, ಸಿರಿಯನ್ನೇ ಕಾಣದ ವಧುವಿಗೂ ತಮ್ಮದೆನ್ನುವ ಒಂದು ನೆಲೆ ಬೇಕಾಯಿತು. ಹಿಂದಿನ ವರ್ಷ ಫ್ರಾನ್ಸಿನ ಸೀನ್ ನದಿಯಲ್ಲಿ ದೋಣಿಯಾತ್ರೆ ಹೋಗಿದ್ದಾಗಲೇ ಮಾರಿಸನೂ ವೆಬ್ಬನೂ ಆ ಮನೆಯ ಮಾತನ್ನಾಡಿದ್ದರು. ಕಟ್ಟಿಸುವವನಿಗೆ ಅದು ಮೊದಲ ಮನೆ. ಸ್ವತಂತ್ರವಾಗಿ ಕಟ್ಟುವ ವೆಬ್ಬನಿಗೂ ಅದೇ ಮೊದಲನೆಯದು.

ಸ್ಥಳ ದೊರೆತದ್ದು ಲಂಡನ್ನಿನಿಂದ ಸುಮಾರು ಹತ್ತು ಮೈಲಿ ದೂರದಲ್ಲಿ, ಕೆಂಟ್ ಪ್ರಾಂತ್ಯದ ಬೆಕ್ಸ್‌ಲಿಹೀತಿನ ಬಳಿ. ಚಾಸರನ ಯಾತ್ರಿಕರು ಕ್ಯಾಂಟರ್ಬರಿಗೆ ನಡೆದ ಹಳೆಯ ದಾರಿ ಅಲ್ಲಿಗೆ ಸಮೀಪ. ಚಾಸರನನ್ನು ಗುರುವೆಂದು ಭಾವಿಸಿದ್ದ ಮಾರಿಸನಿಗೆ ಅಷ್ಟೇ ಸಾಕಾಯಿತು. ಅದೊಂದು ಸೇಬಿನ ತೋಪು. ಮರಗಳಿಗೆ ಆದಷ್ಟೂ ಕೊಡಲಿ ತಾಗದಂತೆ ಮನೆಯನ್ನು ಎಬ್ಬಿಸಿದರು. ಇಟ್ಟಿಗೆಯ ಮೇಲೆ ಗಾರೆ ಬಳಿದು ಕಲ್ಲಿನಂತೆ ತೋರಿಸುವುದು ಆಗಿನ ರೂಢಿಯಾಗಿರಲು, ವೆಬ್ಬನು ಕೆಂಪು ಇಟ್ಟಿಗೆಯನ್ನು ಇಟ್ಟಿಗೆಯಾಗಿಯೇ ಬಿಟ್ಟನು. ಮೇಲೆ ಕಡಿದಾದ ಕೆಂಪು ಹೆಂಚಿನ ಮಾಡು. ಒಳಗಣ ಕೋಣೆಗಳ ಅಗತ್ಯಕ್ಕೆ ತಕ್ಕಂತೆ ದೊಡ್ಡವೂ ಚಿಕ್ಕವೂ ಆದ ಕಿಟಕಿಗಳು. ಎರಡು ಪಾರ್ಶ್ವಗಳು ಕೂಡುವ ಮೂಲೆಯ ಅಂಗಳದಲ್ಲಿ ಶಂಕುವಿನಾಕಾರದ ಮಾಡು ಹೊತ್ತ ಬಾವಿ. ಜನರು ಅದನ್ನು ಕೆಂಪು ಮನೆಯೆಂದೇ ಕರೆದರು.

ಹೊರಗಿನ ಮನೆ ಹೀಗೆ ಸಿದ್ಧವಾಯಿತು. ಒಳಗೆ ಬರಿಯ ಗೋಡೆಗಳು. ರೆಡ್ ಲಯನ್ ಚೌಕದ ಪ್ರಶ್ನೆಯೇ ಮತ್ತೊಮ್ಮೆ, ಹತ್ತರಷ್ಟು ದೊಡ್ಡದಾಗಿ ಎದುರಾಯಿತು. ಈ ಸಲ ಮಾರಿಸನು ಅಂಗಡಿಗಳನ್ನು ಸುತ್ತಲಿಲ್ಲ. ಮೇಜು, ಮೇಣದಬತ್ತಿಯ ಕಂಬ, ಗಾಜಿನ ಲೋಟಗಳಿಗೆ ವೆಬ್ಬನು ನಕ್ಷೆ ಬರೆದನು. ಹಳೆಯ ಬೃಹತ್ ಬೆಂಚು ಮಹಡಿಯ ಕೋಣೆಯಲ್ಲಿ ತನಗೊಪ್ಪುವ ಸ್ಥಾನವನ್ನು ಪಡೆಯಿತು. ಬರ್ನ್-ಜೋನ್ಸನು ಆ ಕೋಣೆಯ ಗೋಡೆಯ ಮೇಲೆ ಹಳೆಯ ಕಥೆಯೊಂದರ ವಿವಾಹೋತ್ಸವವನ್ನು ಚಿತ್ರಿಸಿ, ರಾಜ ರಾಣಿಯರ ಮುಖಗಳಲ್ಲಿ ಮಾರಿಸ್ ದಂಪತಿಗಳನ್ನೇ ಬರೆದನು. ಮಾಡಿನ ಒಳಮೈಗೆ ಗಾರೆ ಹಸಿಯಾಗಿರುವಾಗಲೇ ಚುಕ್ಕಿಗಳಿಂದ ಚಿತ್ತಾರವನ್ನು ಚುಚ್ಚಿಟ್ಟರು. ಬಣ್ಣ ಮಾಸಿದರೂ ಮುಂದೆ ಯಾರು ಬೇಕಾದರೂ ಆ ಚುಕ್ಕಿಗಳ ಜಾಡಿನಲ್ಲಿ ಮತ್ತೆ ಬರೆಯಬಹುದಾಗಿತ್ತು. ಶನಿವಾರಗಳಂದು ಲಂಡನ್ನಿನಿಂದ ಬರುವ ಗೆಳೆಯರನ್ನು ಮೂರು ಮೈಲಿಯಾಚೆಯ ರೈಲು ನಿಲ್ದಾಣದಿಂದ ಕುದುರೆಗಾಡಿಯಲ್ಲಿ ಕರೆತರುತ್ತಿದ್ದರು. ಹಗಲೆಲ್ಲ ಕುಂಚದ ಕೆಲಸ, ಇರುಳು ಊಟ, ಹಾಡು, ಪರಿಹಾಸ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದಿರುವುದು ಒಂದು ಬಟ್ಟೆಯ ಕಥೆ. ಜೇನ್ ಒಮ್ಮೆ ಲಂಡನ್ನಿನ ಅಂಗಡಿಯೊಂದರಲ್ಲಿ ನೀಲಿ ಬಣ್ಣದ ಸಾಧಾರಣ ಒರಟು ಉಣ್ಣೆಬಟ್ಟೆಯನ್ನು ಕಂಡು ತಂದಳು. ಮಾರಿಸನು ಅದನ್ನು ನೋಡಿ ಹಿಗ್ಗಿ, ಕೂಡಲೇ ಅದರ ಮೇಲೆ ಹೂಗಿಡಗಳನ್ನು ಗುರುತಿಸತೊಡಗಿದನು. ಅವು ಮಧ್ಯಯುಗದ ಹಸ್ತಪ್ರತಿಯೊಂದರ ಚಿತ್ರದಲ್ಲಿ ಅವನು ಕಂಡಿದ್ದ ಡೈಸಿಯ ಮೆಳೆಗಳು. ಉಣ್ಣೆಯ ದಾರದಿಂದ ಸರಳವಾದ ಹೊಲಿಗೆ ಹಾಕಿ ದಂಪತಿಗಳು ಮಲಗುವ ಕೋಣೆಯ ಗೋಡೆಗೆ ಅದನ್ನು ಪರದೆಯಾಗಿ ಇಳಿಬಿಟ್ಟರು. ಕಸೂತಿಯ ಹಳೆಯ ವಿಧಾನಗಳನ್ನು ಹೇಳಿಕೊಡುವವರು ಆಗ ಇರಲಿಲ್ಲ. ಹಳೆಯ ಕಸೂತಿಯ ತುಂಡುಗಳನ್ನು ತಂದು, ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಸೂಜಿ ಹೋದ ದಾರಿಯನ್ನು ಗುರುತಿಸಿ ಅವರು ಕಲಿತರು.

ಆ ನೀಲಿಯ ಮಾತು ಬಂದಾಗ ನಮ್ಮ ದೇಶದ ಓದುಗನಿಗೆ ಇನ್ನೊಂದು ನೆನಪು ಬಾರದಿರದು. ಇಂಗ್ಲೆಂಡಿಗೆ ಆಗ ನೀಲಿಯ ಬಹುಭಾಗ ಬರುತ್ತಿದ್ದುದು ಬಂಗಾಳದಿಂದ. ಕೆಂಪು ಮನೆಯ ಗೋಡೆಗಳು ಏಳುತ್ತಿದ್ದ 1859-60ರಲ್ಲೇ ಬಂಗಾಳದ ರೈತರು ಬಲವಂತದ ನೀಲಿ ಬೆಳೆಯ ವಿರುದ್ಧ ದಂಗೆಯೆದ್ದಿದ್ದರು. ಒಂದು ಸುಂದರವಾದ ಗೃಹದ ಬಣ್ಣ ಯಾರ ಬೆವರಿನಿಂದ ಬರುತ್ತದೆ ಎಂಬ ಪ್ರಶ್ನೆ ತರುಣ ಮಾರಿಸನಿಗೆ ಆಗ ಹೊಳೆದಿರಲಾರದು. ಆದರೆ ಅಂಥ ಪ್ರಶ್ನೆಗಳು ಮುಂದೆ ಅವನ ನೆಮ್ಮದಿಯನ್ನು ಕೆಡಿಸದೆ ಬಿಡಲಿಲ್ಲ.

ಶೈಲಿಯೆಂದರೇನೆಂದು ವಿದ್ಯಾರ್ಥಿಗಳು ತರಗತಿಯಲ್ಲಿ ಕೇಳುವುದುಂಟು. ವಾಮನನು ರೀತಿಯನ್ನೇ ಕಾವ್ಯದ ಆತ್ಮವೆಂದು ಭಾವಿಸಿದನೆಂದೂ, ಕವಿರಾಜಮಾರ್ಗವು ದಕ್ಷಿಣೋತ್ತರ ಮಾರ್ಗಗಳನ್ನು ವಿಂಗಡಿಸಿತೆಂದೂ ನಾವು ಹೇಳಿಕೊಡುತ್ತೇವೆ. ಆದರೆ ಒಬ್ಬ ಹೊಸಬನು ತನ್ನ ಮಾರ್ಗವನ್ನು ಕಂಡುಕೊಳ್ಳುವ ಬಗೆಯನ್ನು ಲಕ್ಷಣಗ್ರಂಥಗಳಿಂದ ತಿಳಿಯುವುದು ಕಷ್ಟ. ಮಾರಿಸನ ಮನೆ ಅದನ್ನು ಕಣ್ಣೆದುರು ಇಡುತ್ತದೆ. ಮೊದಲು ಅವನಿಗೆ ತಿಳಿದದ್ದು ತನಗೆ ಏನು ಬೇಡವೆಂಬುದು ಮಾತ್ರ. ಆಮೇಲೆ ತಾನು ಪ್ರೀತಿಸಿದ ಹಳೆಯದರ ಹೊಲಿಗೆಯನ್ನು ಬಿಚ್ಚಿ ನೋಡಿದನು. ತರುವಾಯ ಕೈಗೆ ಸಿಕ್ಕಿದ ಸಾಧಾರಣ ಬಟ್ಟೆಯ ಮೇಲೆ, ತನ್ನವರ ಜೊತೆಯಲ್ಲಿ ಕುಳಿತು, ತನ್ನ ಕೈಯಿಂದ ಮಾಡಿದನು. ಹೀಗೆ ಮಾಡುತ್ತ ಮಾಡುತ್ತ ಅವನ ಶೈಲಿ ಮೂಡಿತು. ಮನೆ ಕಟ್ಟುವ ಮುನ್ನವೇ ಬಣ್ಣದ ಚಿತ್ರಗಳಲ್ಲಿ ತಮ್ಮ ಅಭಿರುಚಿಯನ್ನು ಆರಿಸಿಕೊಳ್ಳಲು ಹೊರಡುವ ನಮ್ಮ ಕಾಲದವರು ಈ ಕ್ರಮವನ್ನು ಗಮನಿಸಬೇಕು.

ಮನೆಯೊಂದಕ್ಕಾಗಿ ಕೂಡಿದ ಕೈಗಳು ಇತರರ ಮನೆಗಳಿಗೂ ಏಕೆ ದುಡಿಯಬಾರದು? ಈ ಆಲೋಚನೆಯಿಂದ 1861ರ ಏಪ್ರಿಲಿನಲ್ಲಿ ಮಾರಿಸ್, ಮಾರ್ಷಲ್, ಫಾಕ್ನರ್ ಮತ್ತು ಕಂಪನಿ ಹುಟ್ಟಿತು. ಪಾಲುದಾರರು ಏಳು ಮಂದಿ. ಮೊದಲ ಬಂಡವಾಳವಾಗಿ ತಲೆಗೊಂದು ಪೌಂಡನ್ನು ಹಾಕಿದರು. ಮಾರಿಸನ ತಾಯಿ 100 ಪೌಂಡು ಸಾಲ ಕೊಟ್ಟಳು. ಬಣ್ಣದ ಗಾಜು, ಕಸೂತಿ, ಪೀಠೋಪಕರಣ, ಗೋಡೆಗೆ ಅಂಟಿಸುವ ಚಿತ್ತಾರದ ಕಾಗದ ಅಲ್ಲಿ ತಯಾರಾದವು. ಮಾರಿಸನು ಕಾಗದಕ್ಕಾಗಿ ಬರೆದ ಮೊದಲ ಚಿತ್ತಾರದಲ್ಲಿ ಕೆಂಪು ಮನೆಯ ತೋಟದ ಗುಲಾಬಿ ಹಂದರವೇ ಇದೆ. ಹಕ್ಕಿಗಳನ್ನು ಬರೆಯುವಲ್ಲಿ ಅವನಿಗೆ ತನ್ನ ಕೈಯ ಮೇಲೆ ನಂಬಿಕೆಯಿರಲಿಲ್ಲ. ಅವುಗಳನ್ನು ವೆಬ್ಬನು ಬರೆದುಕೊಟ್ಟನು. ಮಲಗುವ ಕೋಣೆಯ ಡೈಸಿ ಹೂಗಳೂ 1864ರಲ್ಲಿ ಕಾಗದಕ್ಕೇರಿ ಅಪರಿಚಿತರ ಗೋಡೆಗಳನ್ನು ಸೇರಿದವು. ಈ ಆರಂಭದ ಕಾಗದಗಳ ಹಸುರಿನಲ್ಲಿ, ಅಂದಿನ ಬಳಕೆಯಂತೆ, ಪಾಷಾಣವಿದ್ದುದನ್ನು ನಮ್ಮ ಕಾಲದ ಪರೀಕ್ಷೆಗಳು ತೋರಿಸಿವೆ. ಅವನಿಗೆ ಅನ್ನವಿಟ್ಟ ಗಣಿಯೂ ಮುಂದೆ ತಾಮ್ರದ ಜೊತೆಗೆ ಪಾಷಾಣವನ್ನು ತೆಗೆದು ಮಾರಿತು.

ಆದರೆ ಕೆಂಪು ಮನೆಗೆ ದೀರ್ಘಾಯುಸ್ಸಿರಲಿಲ್ಲ. ಮುಖ್ಯ ಕೋಣೆಗಳು ಉತ್ತರಕ್ಕೆ ಮುಖ ಮಾಡಿದ್ದವು. ಇಂಗ್ಲೆಂಡಿನಂಥ ದೇಶದಲ್ಲಿ ಇದರ ಅರ್ಥ ಬಿಸಿಲು ಕಾಣದ ಚಳಿಗಾಲ. ಲಂಡನ್ನಿನ ಕೆಲಸಕ್ಕೆ ದಿನವೂ ಹೋಗಿಬರುವುದು ಮಾರಿಸನ ದೇಹವನ್ನು ಬಳಲಿಸಿತು. ಗಣಿಯ ವರಮಾನವೂ ಇಳಿಮುಖವಾಯಿತು. ಮನೆಗೆ ಹೊಸ ಪಾರ್ಶ್ವಗಳನ್ನು ಸೇರಿಸಿ ಬರ್ನ್-ಜೋನ್ಸನ ಸಂಸಾರವನ್ನೂ ಅಲ್ಲಿಗೆ ಕರೆತರಬೇಕೆಂದು ವೆಬ್ಬನಿಂದ ನಕ್ಷೆ ಬರೆಸಿದ್ದನು. 1864ರಲ್ಲಿ ಬರ್ನ್-ಜೋನ್ಸನ ಹೆಂಡತಿ ಸ್ಕಾರ್ಲೆಟ್ ಜ್ವರಕ್ಕೆ ತುತ್ತಾದಳು. ಆಗತಾನೆ ಹುಟ್ಟಿದ ಮಗು ಕೆಲವೇ ವಾರಗಳಲ್ಲಿ ಕಣ್ಮುಚ್ಚಿತು. ಕೂಡಿ ಬಾಳುವ ಕನಸು ಅಲ್ಲಿಗೆ ಮುಗಿಯಿತು. ಆ ಸುದ್ದಿ ತಲುಪಿದಾಗ ಮಾರಿಸನೂ ವಾತಜ್ವರದಿಂದ ಹಾಸಿಗೆ ಹಿಡಿದಿದ್ದನು. 1865ರಲ್ಲಿ ಹೆಂಡತಿಯನ್ನೂ, ಆ ಮನೆಯಲ್ಲೇ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಲಂಡನ್ನಿನಲ್ಲಿ ಕಂಪನಿಯ ಕಾರ್ಯಾಗಾರವಿದ್ದ ಕಟ್ಟಡಕ್ಕೇ ವಾಸಕ್ಕೆ ಹೋದನು. ಮರುವರ್ಷ ಕೆಂಪು ಮನೆಯನ್ನು ಮಾರಿದನು. ಆ ಮೇಲೆ ಮೂವತ್ತು ವರ್ಷ ಬದುಕಿದ್ದರೂ ಆ ಮನೆಯನ್ನು ನೋಡಲು ಅವನು ಮತ್ತೆ ಹೋಗಲೇ ಇಲ್ಲ.

ಗೋಡೆಗಳು ಕೈಬಿಟ್ಟವು, ಆದರೆ ಅಲ್ಲಿ ಕಲಿತದ್ದು ಕೈಯಲ್ಲೇ ಉಳಿಯಿತು. ದಾಂಪತ್ಯದಲ್ಲಿ ವಿರಸ ಬೆಳೆದ ವರ್ಷಗಳಲ್ಲಿ ಅವನನ್ನು ಪೊರೆದದ್ದು ದುಡಿಮೆಯೇ. 1871ರಲ್ಲಿ ಥೇಮ್ಸ್ ನದಿಯ ಬಳಿ ಕೆಲ್ಮ್‌ಸ್ಕಾಟ್ ಎಂಬ ಹಳ್ಳಿಯ ಹಳೆಯ ಮನೆಯನ್ನು ಗುತ್ತಿಗೆಗೆ ಹಿಡಿದನು. ರಾಸಾಯನಿಕ ಬಣ್ಣಗಳು ಬೇಗ ಮಾಸುವುದನ್ನು ಕಂಡು, ಲೀಕ್ ಪಟ್ಟಣದ ಥಾಮಸ್ ವಾರ್ಡಲನ ಬಣ್ಣದ ಮನೆಗೆ ಹೋಗಿ, ತೊಟ್ಟಿಗಳಲ್ಲಿ ಕೈಯದ್ದಿ ಬಣ್ಣಗಾರನ ವಿದ್ಯೆಯನ್ನು ಅಭ್ಯಾಸ ಮಾಡಿದನು. 1881ರಲ್ಲಿ ಮರ್ಟನ್ ಅಬ್ಬಿಯಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು. ಅಲ್ಲಿ ಬಟ್ಟೆಯನ್ನೆಲ್ಲ ಮೊದಲು ನೀಲಿಯಲ್ಲಿ ಅದ್ದಿ, ಚಿತ್ತಾರದ ಜಾಗದಲ್ಲಿ ನೀಲಿಯನ್ನು ತೆಗೆದು, ಆ ಬಿಳುಪಿನ ಮೇಲೆ ಕೆಂಪು ಹಳದಿಗಳನ್ನು ಅಚ್ಚೊತ್ತಿದರು. ಕೆಲ್ಮ್‌ಸ್ಕಾಟಿನ ತೋಟದಲ್ಲಿ ಹಣ್ಣು ಕದಿಯುವ ಹಕ್ಕಿಗಳನ್ನು ತೋರಿಸುವ ಪ್ರಸಿದ್ಧವಾದ 1883ರ ಚಿತ್ತಾರ ಸಿದ್ಧವಾದದ್ದು ಹೀಗೆ.

ಇಷ್ಟಾದರೂ ಒಂದು ಮುಳ್ಳು ಅವನನ್ನು ಚುಚ್ಚುತ್ತಲೇ ಇತ್ತು. ಕೈಯಿಂದ ಮಾಡಿದ ವಸ್ತುವಿಗೆ ಬೆಲೆ ಹೆಚ್ಚು, ಕೊಳ್ಳುವವರು ಧನಿಕರು. ಎಲ್ಲರ ಮನೆಗೂ ಚೆಲುವು ಬರಲೆಂದು ಹೊರಟವನು ಕೆಲವರ ಭೋಗಕ್ಕೆ ದುಡಿಯುವಂತಾಯಿತು. 1879ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮಾತನಾಡುತ್ತ, ಆಂಗ್ಲರ ಆಳ್ವಿಕೆಯಲ್ಲಿ ಹಿಂದೂಸ್ಥಾನದ ಕೈಕಸುಬುಗಳು ನಾಶವಾಗುತ್ತಿರುವುದನ್ನು ಅವನು ಖಂಡಿಸಿದನು. 1883ರಲ್ಲಿ ಸಮಾಜವಾದಿಗಳ ಸಂಘವನ್ನು ಸೇರಿ, ಬೀದಿಯ ಮೂಲೆಗಳಲ್ಲಿ ನಿಂತು ಭಾಷಣ ಮಾಡಿದನು. ಕೊನೆಗಾಲದಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ಸ್ಥಾಪಿಸಿ ಚಾಸರನ ಕೃತಿಗಳನ್ನು ಅಚ್ಚು ಹಾಕಿಸಿದನು. ಆ ಗ್ರಂಥ ಹೊರಬಂದ 1896ರಲ್ಲೇ, ಅಕ್ಟೋಬರ್ 3ರಂದು ತೀರಿಕೊಂಡನು. ಬಳ್ಳಿ ಕಟ್ಟಿದ ರೈತಬಂಡಿಯಲ್ಲಿ ಅವನ ದೇಹವನ್ನು ಕೆಲ್ಮ್‌ಸ್ಕಾಟಿನ ಸಮಾಧಿಗೆ ಒಯ್ದರು. ನಮ್ಮವರಾದ ಆನಂದ ಕುಮಾರಸ್ವಾಮಿಯವರು ಸಿಂಹಳದ ಮಧ್ಯಯುಗದ ಕಲೆಯನ್ನು ಕುರಿತು 1908ರಲ್ಲಿ ಹೊರತಂದ ಗ್ರಂಥ ಮಾರಿಸನ ಮುದ್ರಣಾಲಯದ ಯಂತ್ರದಲ್ಲೇ ಅಚ್ಚಾಯಿತೆಂಬುದು ಸಂತೋಷದ ಸಂಗತಿ.

ಜೇನ್ ತಂದ ನೀಲಿ ಬಟ್ಟೆಯ ಡೈಸಿಗಳು ಕೆಲ್ಮ್‌ಸ್ಕಾಟಿನ ಮನೆಯಲ್ಲಿ ಉಳಿದು ಬಂದಿವೆ. ಹಲವರ ಕೈ ದಾಟಿದ ಕೆಂಪು ಮನೆಯನ್ನು ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ 2003ರಲ್ಲಿ ಪಡೆದುಕೊಂಡಿತು. ಹತ್ತು ವರ್ಷಗಳ ತರುವಾಯ ಮಲಗುವ ಕೋಣೆಯಲ್ಲಿ ಗೋಡೆಗೆ ಸೇರಿಸಿದ್ದ ದೊಡ್ಡ ಕಪಾಟಿನ ಹಿಂದೆ, ಬಣ್ಣದ ಪದರಗಳ ಕೆಳಗೆ ಒಂದು ಭಿತ್ತಿಚಿತ್ರ ಬೆಳಕಿಗೆ ಬಂದಿತು. ಗೋಡೆಗೆ ಪರದೆ ಇಳಿಬಿಟ್ಟಂತೆ ತೋರುವ ಅದರಲ್ಲಿ ಬೈಬಲಿನ ಹಳೆಯ ಕಥೆಗಳ ವ್ಯಕ್ತಿಗಳು ನಿಂತಿದ್ದಾರೆ. ಅದು ಮಾರಿಸನೊಬ್ಬನ ಕೆಲಸವಲ್ಲ, ಹಲವು ಗೆಳೆಯರ ಕೈಗಳು ಸೇರಿ ಬರೆದದ್ದೆಂದು ತಜ್ಞರು ಅಭಿಪ್ರಾಯಪಡುತ್ತಾರೆ.