ಮರಳುಕಾಡಿನ ಸಂಚಾರಿಯಾದ ತೆಯೊದೋರ್ ಮೊನೊ

ತೆಯೊದೋರ್ ಮೊನೊ ಎಂಬವನು 1902ನೆಯ ಇಸವಿ ಏಪ್ರಿಲ್ 9ರಂದು ಫ್ರಾನ್ಸ್ ದೇಶದ ರೂಆಂ ಪಟ್ಟಣದಲ್ಲಿ ಹುಟ್ಟಿದನು. ತಂದೆಯಾದ ವಿಲ್ಫ್ರೆಡನು ಪ್ರೊಟೆಸ್ಟಂಟ್ ಸಭೆಯ ಬೋಧಕನು. ಮಗನಾದರೋ ಪ್ರಾಣಿಶಾಸ್ತ್ರವನ್ನು ಕಲಿತು, 1922ರಲ್ಲಿ ಮೀನುಗಳನ್ನು ಪರೀಕ್ಷಿಸುವದಕ್ಕಾಗಿ ಆಫ್ರಿಕದ ಪಶ್ಚಿಮ ತೀರದಲ್ಲಿರುವ ಮೌರಿಟಾನಿಯಕ್ಕೆ ಹೋದನು. ಆ ಕೆಲಸ ತೀರಿದ ಬಳಿಕ ಒಂಟೆಗಳ ಸಂಗಡ ದಕ್ಷಿಣದ ಸೆನೆಗಲಿಗೆ ಪ್ರಯಾಣಮಾಡಿದನು. ಅಂದಿನಿಂದ ಸಹಾರಾ ಎಂಬ ಮರಳುಕಾಡು ಆತನನ್ನು ಬಿಡಲೇ ಇಲ್ಲ. 1954-55ರ ಚಳಿಗಾಲದಲ್ಲಿ ಒಂದು ಬಾವಿಯೂ ಇಲ್ಲದ 500 ಮೈಲುಗಳಿಗಿಂತ ಹೆಚ್ಚಾದ ದಾರಿಯನ್ನು ಆತನು ದಾಟಿದನು.

ಆ ದೇಶದ ಷಿಂಗೆಟ್ಟಿ ಎಂಬ ಹಳೆಯ ಊರಿನ ಬಳಿ 1916ರಲ್ಲಿ ರಿಪೇರ್ ಎಂಬ ಫ್ರೆಂಚ್ ಸೇನಾಧಿಕಾರಿಯು ಒಂದು ದೊಡ್ಡ ಕಬ್ಬಿಣದ ಗುಡ್ಡವನ್ನು ಕಂಡೆನೆಂದು ತಿಳಿಸಿದ್ದನು. ಉದ್ದ 300 ಅಡಿಗಿಂತ ಹೆಚ್ಚು, ಎತ್ತರ 130 ಅಡಿ. ಅದು ಆಕಾಶದಿಂದ ಬಿದ್ದದ್ದೆಂದು ಜನರು ಎಣಿಸಿದರು. ಆತನು ತಂದ ಸುಮಾರು 10 ರಾತಲಿನ ತುಂಡು ನಿಜವಾದ ಉಲ್ಕಾಶಿಲೆಯೇ. ಮೊನೊ 1934ರಲ್ಲಿ ಹುಡುಕಹೋದನು. ಗುಡ್ಡ ಸಿಕ್ಕಲಿಲ್ಲ.

ಆದರೂ ಆ ಸೀಮೆಯಲ್ಲಿ ದುಂಡಾದ ಕುಳಿಗಳು ಹಲವಿದ್ದವು. ಔವೆಲ್ಲೂಲ್ ಎಂಬ ಕುಳಿಯು ಸುಮಾರು 430 ಗಜ ಅಗಲ. 1938ರಲ್ಲಿ ವಿಮಾನದಿಂದ ಕಂಡುಬಂದಿತು. ಮೊನೊ ಅಲ್ಲಿಗೆ ಹೋಗಿ ಪರೀಕ್ಷಿಸಿ, ಸಂಗಡಿಗನೊಬ್ಬನ ಜೊತೆ 1951ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಅದರ ಅಂಚಿನಲ್ಲಿ ಕಪ್ಪು ಗಾಜಿನ ಚೂರುಗಳು ಬಿದ್ದಿವೆ. ಉಲ್ಕೆಯು ಅಪ್ಪಳಿಸಿದಾಗ ಕಲ್ಲೇ ಕರಗಿ ಗಾಜಾಯಿತೆಂದು ಮುಂದೆ ಸ್ಥಿರವಾಯಿತು. ತೆನೂಮೆರ್ ಎಂಬ ಇನ್ನೊಂದು ಕುಳಿಯ ಅಗಲ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು. ರಿಷಾತ್ ಎಂಬದಾದರೋ 25 ಮೈಲು ಅಗಲ, ಬಳೆಯೊಳಗೆ ಬಳೆ ಇಟ್ಟಂತಿದೆ. ನೋಡಿದವರು ಇದೂ ಆಕಾಶದ ಏಟೇ ಎಂದುಕೊಂಡರು. ಆದರೆ ಅದು ಹಾಗಲ್ಲ. ಭೂಮಿಯೊಳಗಿನ ಕರಗಿದ ಶಿಲೆಯು ನೆಲವನ್ನು ಗುಮ್ಮಟದಂತೆ ಎತ್ತಿತು. ಆಮೇಲೆ ಮೆತ್ತಗಿನ ಪದರಗಳು ಸವೆದುಹೋಗಿ ಗಟ್ಟಿಯಾದವು ಬಳೆಗಳಾಗಿ ಉಳಿದವು. ವಾಚಕರೇ, ಕುಳಿ ದುಂಡಾದ ಮಾತ್ರಕ್ಕೆ ಉಲ್ಕೆಯದೆನ್ನಲು ಮೊನೊ ಒಪ್ಪುತ್ತಿರಲಿಲ್ಲ. 1965ರಲ್ಲಿ ಆತನು ಪ್ರಕಟಿಸಿದ ಪಟ್ಟಿಯಲ್ಲಿ ನಿಶ್ಚಯವಾದವು, ಆಗಿರಬಹುದಾದವು, ಬರೀ ಊಹೆಯವು ಎಂದು ಅವುಗಳನ್ನು ವಿಂಗಡಿಸಿದ್ದನು.

ಕಬ್ಬಿಣದ ಗುಡ್ಡವನ್ನಾದರೋ ಆತನು ಮರೆಯಲಿಲ್ಲ. 1980ರ ನಂತರದ ವರುಷಗಳಲ್ಲಿ, 80 ದಾಟಿದ ಮುದುಕನಾಗಿ ತಿರಿಗಿ ಅಲ್ಲಿಗೆ ಹೋದನು. ಅರ್ಧ ಶತಮಾನ ಹುಡುಕಿದವನಿಗೆ ಅದು ಇದೆಯೆಂದು ಹೇಳುವ ಆಸೆ ಇರದೆ ಇದ್ದೀತೇ? ಆದರೆ ರಿಪೇರನು ಕಂಡದ್ದು ಸಾಧಾರಣ ಕಲ್ಲುಗುಡ್ಡವೇ ಎಂಬ ತೀರ್ಮಾನಕ್ಕೆ ಮೊನೊ ಬಂದನು. ಆ ಅಧಿಕಾರಿಯನ್ನು ಸುಳ್ಳುಗಾರನೆನ್ನದೆ, ಕಣ್ತಪ್ಪಿದನೆಂದೇ ಎಣಿಸಿದನು. ಇದು ನನಗೆ ಬಹಳ ಮೆಚ್ಚಿಗೆಯಾದ ಮಾತು.

ಕಡೆಯ ವರುಷಗಳಲ್ಲಿ ಆತನ ಕಣ್ಣು ಬಹಳ ಮಬ್ಬಾಯಿತು. 2000ನೆಯ ಇಸವಿ ನವೆಂಬರ್ 22ರಂದು ವೆರ್ಸಾಯ್ ಪಟ್ಟಣದಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮರು ವರುಷ, ರಿಪೇರನು ತಂದ ತುಂಡಿನ ಪರೀಕ್ಷೆಯ ಫಲಿತಾಂಶವು ಪ್ರಕಟವಾಯಿತು: ಆ ತುಂಡು ಯಾವ ಉಲ್ಕೆಯಿಂದ ಬಂದಿತೋ ಅದರ ಅಗಲವು ಸುಮಾರು 5 ಅಡಿಗಿಂತ ಹೆಚ್ಚಿರಲಾರದು.