ದಿನದ ಧಮ್ಮ ಚಿಂತನೆ: ನಮ್ಮ ಜಿಲ್ಲೆಯ ಕನಕದಾಸರನ್ನು ನಾವು ಹೇಗೆ ನೆನೆಯಬೇಕು?





ಕಳೆದ ಭಾನುವಾರ ರಾಣೆಬೆನ್ನೂರಿನಲ್ಲಿ ವಂದನೆ ಮುಗಿಸಿ ಚಹಾ ಕುಡಿಯುತ್ತ ಕೂತಿದ್ದೆವು. ಬ್ಯಾಡಗಿ ಕಡೆಯಿಂದ ಬರುವ ನಮ್ಮ ಹಿರಿಯ ಅಕ್ಕ ಒಬ್ಬರು ಒಂದು ಮಾತು ತೆಗೆದರು. ಅವರ ಮೊಮ್ಮಗನಿಗೆ ಶಾಲೆಯಲ್ಲಿ ಕನಕ ಜಯಂತಿಯ ಭಾಷಣ ಮಾಡಲು ಹೇಳಿದ್ದಾರೆ. ಹುಡುಗನಿಗೆ ಖುಷಿಯೋ ಖುಷಿ. ಆದರೆ ಮನೆಯಲ್ಲಿ ಜಗಳ. 22 ಪ್ರತಿಜ್ಞೆ ತೆಗೆದುಕೊಂಡ ಮನೆಯ ಹುಡುಗ ಆದಿಕೇಶವನ ದಾಸರನ್ನು ವೇದಿಕೆ ಮೇಲೆ ನಿಂತು ಹೊಗಳುವುದು ಹೇಗೆ ಎಂದು ಅವನ ಅಪ್ಪ ಹಟ ಹಿಡಿದಿದ್ದಾರೆ. ಕನ್ನಡ ಕಲಿಸುವವರು ನೀವು, ನೀವೇ ಹೇಳಬೇಕು ಎಂದು ಅಕ್ಕ ನನ್ನ ಮುಖ ನೋಡಿದರು.

ನಾನು ಆಗ ಏನೂ ಹೇಳಲಿಲ್ಲ. ಪ್ರತಿವರ್ಷ ಮಕ್ಕಳಿಗೆ ಕನಕರ ಪಾಠ ಮಾಡುವವರು ನಾವು. ಆದರೂ ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ವಾರವೆಲ್ಲ ಯೋಚಿಸಿ ಇವತ್ತಿನ ಚಿಂತನೆಯನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

*ಬಾಡದ ನಾಯಕ, ಕಾಗಿನೆಲೆಯ ಕವಿ*

ಕನಕರು ದೂರದವರಲ್ಲ. ಹುಟ್ಟಿದ್ದು ಶಿಗ್ಗಾವಿ ತಾಲ್ಲೂಕಿನ ಬಾಡ, ನೆಲೆ ನಿಂತದ್ದು ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ. ಎರಡೂ ನಮ್ಮ ಹಾವೇರಿ ಜಿಲ್ಲೆಯವು. ಕಾಲ ಇಂದಿಗೆ ಸುಮಾರು 500 ವರ್ಷಗಳ ಹಿಂದಿನದು, ವಿಜಯನಗರ ಅರಸರ ಆಳ್ವಿಕೆ. ತಂದೆ ಬೀರಪ್ಪ, ತಾಯಿ ಬಚ್ಚಮ್ಮ, ಕುರುಬ ಮನೆತನ. ಮಗನಿಗೆ ಇಟ್ಟ ಹೆಸರು ತಿಮ್ಮಪ್ಪ. ಬಾಡದ ಕೋಟೆಯ ನಾಯಕತನ ಅವರ ಮನೆಯಲ್ಲಿತ್ತು. ನೆಲ ಅಗೆಯುವಾಗ ಹೊನ್ನಿನ ಕೊಪ್ಪರಿಗೆ ಸಿಕ್ಕಿತು, ಅದನ್ನು ಜನರಿಗಾಗಿ ಖರ್ಚು ಮಾಡಿದರು, ಅಂದಿನಿಂದ ತಿಮ್ಮಪ್ಪ ನಾಯಕ ಕನಕ ನಾಯಕನಾದ ಎಂದು ನಮ್ಮ ಕಡೆಯ ಜನ ಹೇಳುತ್ತ ಬಂದಿದ್ದಾರೆ. ಮುಂದೆ ಒಂದು ಯುದ್ಧದಲ್ಲಿ ಮೈತುಂಬ ಗಾಯವಾಗಿ ಸಾವಿನ ಬಾಗಿಲಿಗೆ ಹೋಗಿ ಬಂದ ಮೇಲೆ ಅವರು ಕತ್ತಿ ಕೆಳಗಿಟ್ಟು ಕಾಗಿನೆಲೆಗೆ ಬಂದರಂತೆ.

ರಕ್ತ ಕಂಡ ಮೇಲೆ ಕತ್ತಿ ಕೆಳಗಿಟ್ಟವರ ಕಥೆ ನಮಗೆ ಹೊಸದಲ್ಲ. ಕಳಿಂಗದ ಯುದ್ಧ ಮುಗಿದ ಮೇಲೆ ಅಶೋಕ ಚಕ್ರವರ್ತಿಯ ಮನಸ್ಸು ಹೇಗೆ ತಿರುಗಿತೆಂದು ನಾವು ಓದಿದ್ದೇವೆ. ಅಶೋಕ ಧಮ್ಮದ ಕಡೆ ತಿರುಗಿದ, ಕನಕರು ಭಕ್ತಿಯ ಕಡೆ ತಿರುಗಿದರು. ದಾರಿ ಬೇರೆ. ಹಿಂಸೆ ಸಾಕು ಎನಿಸಿದ ಆ ಗಳಿಗೆ ಮಾತ್ರ ಒಂದೇ.

ಕತ್ತಿ ಬಿಟ್ಟ ಕೈ ಆಮೇಲೆ ಬರೆದದ್ದು ಬಹಳ. ಮೋಹನತರಂಗಿಣಿ, ನಳಚರಿತ್ರೆ, ಹರಿಭಕ್ತಿಸಾರ, ರಾಮಧಾನ್ಯಚರಿತೆ, ಜೊತೆಗೆ ಕಾಗಿನೆಲೆಯ ಆದಿಕೇಶವನ ಅಂಕಿತದ ಕೀರ್ತನೆಗಳು. ಸಾಂಗತ್ಯ, ಷಟ್ಪದಿ, ಹಾಡು ಎಲ್ಲವೂ ಅವರಿಗೆ ಒಲಿದಿದ್ದವು. ಶಾಸ್ತ್ರ ಓದಲು ಹಕ್ಕಿಲ್ಲ ಎನ್ನಿಸಿಕೊಂಡ ಸಮುದಾಯದಿಂದ ಬಂದು ಇಷ್ಟು ಬರೆದದ್ದೇ ಆ ಕಾಲಕ್ಕೆ ಒಂದು ಉತ್ತರವಾಗಿತ್ತು.

*ಬಾಳೆಹಣ್ಣಿನ ಕಥೆ*

ಕನಕರು ವ್ಯಾಸರಾಯರ ಶಿಷ್ಯರಾದರು. ಮಠದ ಉಳಿದ ಶಿಷ್ಯರಿಗೆ ಇದು ಸಹಿಸಲಿಲ್ಲ. ಗುರು ಒಂದು ದಿನ ಎಲ್ಲರಿಗೂ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಎಂದು ಕಳಿಸಿದರು. ಒಬ್ಬ ಕಂಬಳಿ ಹೊದ್ದು ತಿಂದ, ಇನ್ನೊಬ್ಬ ಬಾಗಿಲು ಹಾಕಿಕೊಂಡು ತಿಂದ. ಕನಕರು ಮಾತ್ರ ಹಣ್ಣನ್ನು ಹಾಗೇ ವಾಪಸ್ ತಂದರು. ದೇವರು ನೋಡದ ಜಾಗ ತಮಗೆ ಸಿಗಲಿಲ್ಲ ಎಂದರು. ಈ ಕಥೆ ಗೊತ್ತಿಲ್ಲದ ಮಗು ನಮ್ಮ ಜಿಲ್ಲೆಯಲ್ಲಿ ಇಲ್ಲ.

ಇದನ್ನೇ ಹೋಲುವ ಒಂದು ಕಥೆ ನಮ್ಮ ಜಾತಕಗಳಲ್ಲಿದೆ, ಬಹಳ ಹಳೆಯದು. ಹೆಸರು ಶೀಲವೀಮಂಸನ ಜಾತಕ. ವಾರಾಣಸಿಯ ಒಬ್ಬ ಗುರುವಿಗೆ 500 ಶಿಷ್ಯರು. ಮಗಳನ್ನು ಶೀಲವಂತನಿಗೆ ಕೊಡಬೇಕೆಂದು ಅವನು ಒಂದು ಪರೀಕ್ಷೆ ಒಡ್ಡುತ್ತಾನೆ. ನಿಮ್ಮ ನಿಮ್ಮ ಮನೆಯಿಂದ ಬಟ್ಟೆ, ಒಡವೆ ಕದ್ದು ತನ್ನಿ, ಆದರೆ ಯಾರೂ ನೋಡಿರಬಾರದು ಎನ್ನುತ್ತಾನೆ. ಎಲ್ಲರೂ ತರುತ್ತಾರೆ. ಬೋಧಿಸತ್ವ ಮಾತ್ರ ಬರಿಗೈಲಿ ಬರುತ್ತಾನೆ. ಕೆಟ್ಟ ಕೆಲಸಕ್ಕೆ ಗುಟ್ಟಿನ ಜಾಗ ಎಂಬುದೇ ಇಲ್ಲ, ಬೇರೆ ಯಾರೂ ಇಲ್ಲದ ಕಡೆಯೂ ನಾನು ಇದ್ದೇ ಇರುತ್ತೇನಲ್ಲ ಎಂಬುದು ಅವನ ವಿವರಣೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕನಕರ ಕಥೆಯಲ್ಲಿ ಸಾಕ್ಷಿ ದೇವರು, ಜಾತಕದಲ್ಲಿ ಸಾಕ್ಷಿ ನಮ್ಮ ಮನಸ್ಸು. ನಾವು ಪಂಚಶೀಲ ಹೇಳುವಾಗ ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ ಎಂದು ಮಾತು ಕೊಡುವುದು ನಮಗೆ ನಾವೇ. ಆ ಹುಡುಗ ಶಾಲೆಯಲ್ಲಿ ಕನಕರ ಕಥೆ ಹೇಳಲಿ. ಮನೆಯಲ್ಲಿ ಅವನಿಗೆ ಜಾತಕದ ಕಥೆಯನ್ನು ನಾವು ಹೇಳೋಣ.

*ರಾಗಿ ಮತ್ತು ಭತ್ತದ ಜಗಳ*

ಎಂ.ಎ. ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಮಧಾನ್ಯಚರಿತೆ. ಸಣ್ಣ ಕಾವ್ಯ. ರಾಮ ಲಂಕೆಯಿಂದ ಮರಳುವಾಗ ಋಷಿಗಳ ಆಶ್ರಮದಲ್ಲಿ ಊಟ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತು ಬರುತ್ತದೆ. ಗೌತಮ ಋಷಿ ನರೆದಲೆಗನ ಹೆಸರು ಹೇಳುತ್ತಾನೆ. ನರೆದಲೆಗ ಎಂದರೆ ರಾಗಿ. ಭತ್ತಕ್ಕೆ ಸಿಟ್ಟು ನೆತ್ತಿಗೇರುತ್ತದೆ. ತಾನು ಯಜ್ಞಕ್ಕೆ ಬೇಕಾದವನು, ಮದುವೆಯ ಶೇಸೆಗೆ ಬೇಕಾದವನು, ಮೇಲಿನವರ ಊಟ ತಾನು, ರಾಗಿಯಾದರೋ ಶೂದ್ರರ ಅನ್ನ ಎಂದು ತುಂಬಿದ ಸಭೆಯಲ್ಲಿ ಹೀಯಾಳಿಸುತ್ತದೆ. ರಾಗಿ ತಲೆ ತಗ್ಗಿಸುವುದಿಲ್ಲ. ನೀನು ಉಳ್ಳವರ ಪಕ್ಷಪಾತಿ, ರೋಗಿಗೆ ಪಥ್ಯ, ಸತ್ತವರ ಬಾಯಿಗೆ ಬೀಳುವ ಕಾಳು, ಮಳೆ ಹೋದಾಗ ಬಡವರ ಮಕ್ಕಳನ್ನು ಬದುಕಿಸಿದವನು ನಾನು ಎಂದು ಮುಖಕ್ಕೆ ಹೇಳುತ್ತದೆ.

ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರಗೆ ಬಂದಾಗ ಭತ್ತ ಸೊರಗಿ ಕೆಟ್ಟಿದೆ, ರಾಗಿ ಹಾಗೇ ಗಟ್ಟಿಯಾಗಿದೆ. ತೀರ್ಪು ರಾಗಿಯ ಕಡೆಗೆ.

ಇದು ಕಾಳಿನ ಕಥೆ ಎಂದುಕೊಂಡವರಿಗೆ ಕಾಳಿನ ಕಥೆ. ನಮಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹೋಟೆಲಿನ ಹೊರಗೆ ನಮ್ಮವರಿಗೆಂದೇ ಬೇರೆ ಲೋಟ ಇಟ್ಟಿದ್ದ ಕಾಲವನ್ನು ನಮ್ಮ ಅಪ್ಪಂದಿರು ಕಂಡಿದ್ದಾರೆ. ನಮ್ಮ ಮನೆಯ ರೊಟ್ಟಿ ರುಚಿಯಾಗಿದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಯಾರ ಮನೆಯದು ಎಂದು ಕೇಳಿದರು. ಅನ್ನಕ್ಕೂ ಜಾತಿ ಅಂಟಿಸಿದ ಸಮಾಜದಲ್ಲಿ, ಕೀಳೆನಿಸಿಕೊಂಡ ಕಾಳನ್ನು ಸಭೆಯ ನಡುವೆ ನಿಲ್ಲಿಸಿ ಬಾಯಿ ಕೊಟ್ಟ ಕವಿ ನಮ್ಮ ಪಕ್ಕದ ಊರಿನವರು. ಇದು ಸಣ್ಣ ಮಾತಲ್ಲ. ಕೀರ್ತನೆಗಳಲ್ಲೂ ಅವರು ಇದೇ ಪ್ರಶ್ನೆ ಎತ್ತಿದ್ದಾರೆ. ಕುಲ ಕುಲ ಎಂದು ಬಡಿದಾಡುವವರಿಗೆ ಅದರ ಮೂಲ ಗೊತ್ತೇ ಎಂದು ನೇರವಾಗಿ ಕೇಳಿದ್ದಾರೆ. ಭಗವಾನ್ ಬುದ್ಧರು ವಸಲ ಸುತ್ತದಲ್ಲಿ ಹುಟ್ಟಿನಿಂದ ಯಾರೂ ಕೀಳಲ್ಲ, ನಡತೆಯೇ ಅಳತೆ ಎಂದು ಬೋಧಿಸಿದ್ದನ್ನು ಬಲ್ಲ ನಮಗೆ ಈ ದನಿ ಪರಿಚಿತ.

*ಕಿಂಡಿ ಮತ್ತು ಬಾಗಿಲು*

ಇನ್ನು ಉಡುಪಿಯ ಕಥೆ. ಕೃಷ್ಣನನ್ನು ನೋಡಲು ಹೋದ ಕನಕರನ್ನು ಒಳಗೆ ಬಿಡಲಿಲ್ಲ. ಅವರು ಹಿಂಬದಿಗೆ ಹೋಗಿ ನಿಂತು ಹಾಡಿದರು. ಗೋಡೆ ಬಿರುಕು ಬಿಟ್ಟಿತು, ವಿಗ್ರಹ ಅವರ ಕಡೆ ತಿರುಗಿತು. ಅದೇ ಕನಕನ ಕಿಂಡಿ ಎಂದು ಹೇಳುತ್ತಾರೆ.

ಪವಾಡ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕಥೆಯನ್ನು ನಂಬುವವರೂ ಒಪ್ಪಲೇಬೇಕಾದ ಒಂದು ಸಂಗತಿ ಅದರಲ್ಲಿದೆ. ದೇವರು ತಿರುಗಿದ, ಬಾಗಿಲು ತೆರೆಯಲಿಲ್ಲ. ಕಥೆಯ ಕೊನೆಯಲ್ಲೂ ಕನಕರು ಹೊರಗೇ ಇದ್ದಾರೆ.

ಇನ್ನೊಂದು ಮಾತು. ಕನಕರು ಬಡವರಾಗಿರಲಿಲ್ಲ, ಕೋಟೆಯ ನಾಯಕರಾಗಿದ್ದವರು. ಓದು ಬಾರದವರೂ ಅಲ್ಲ, ಮಹಾಕವಿ. ಹೊನ್ನು, ಅಧಿಕಾರ, ವಿದ್ಯೆ, ಭಕ್ತಿ ಎಲ್ಲ ಇದ್ದರೂ ಗೋಡೆಯ ಮುಂದೆ ಅವರ ಜಾತಿ ಒಂದೇ ಲೆಕ್ಕಕ್ಕೆ ಬಂತು. 1917ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡಾ ಸಂಸ್ಥಾನದ ಅಧಿಕಾರಿಯಾಗಿ ಹೋದಾಗ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಕೋಲು ಹಿಡಿದು ಬಂದವರು ಹೊರಗೆ ಹಾಕಿದರು. ನಾಲ್ಕು ಶತಮಾನ ಕಳೆದರೂ ಗೋಡೆ ಅದೇ. ದುಡ್ಡು ಬಂದರೆ, ನೌಕರಿ ಬಂದರೆ ಜಾತಿ ಹೋಗುತ್ತದೆ ಎನ್ನುವ ನಮ್ಮ ಹುಡುಗರಿಗೆ ಈ ಎರಡು ಜೀವನಗಳನ್ನು ಹೇಳಬೇಕು.

ಗೋಡೆ ಒಂದೇ ಆದರೂ ಇಬ್ಬರೂ ಮಾಡಿದ್ದು ಬೇರೆ ಬೇರೆ. ಕನಕರು ಅಲ್ಲೇ ನಿಂತು ಹಾಡಿದರು. ಬಾಬಾಸಾಹೇಬರೂ ಮೊದಲು ಬಾಗಿಲು ತಟ್ಟಿದರು. 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ಮಂದಿರದ ಮುಂದೆ ಸತ್ಯಾಗ್ರಹ ಆರಂಭವಾಯಿತು. ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. ತಾಯಿ ರಮಾಬಾಯಿಯವರಿಗೆ ಪಂಢರಪುರ ನೋಡುವ ಆಸೆಯಿತ್ತು. ನಮ್ಮನ್ನು ಹೊರಗೆ ನಿಲ್ಲಿಸುವ ಪಂಢರಪುರ ಬೇಡ, ಇನ್ನೊಂದು ಪಂಢರಪುರವನ್ನೇ ಕಟ್ಟೋಣ ಎಂದು ಬಾಬಾಸಾಹೇಬರು ಅವರನ್ನು ಸಮಾಧಾನ ಮಾಡಿದ್ದರು. ಆ ತಾಯಿ 1935ರ ಮೇ ತಿಂಗಳಲ್ಲಿ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂಬ ಘೋಷಣೆ ಬಂತು. 21 ವರ್ಷಗಳ ನಂತರ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಆ ಮಾತು ನಡೆಯಿತು.

*ಹಾಗಾದರೆ ಕನಕರು ನಮಗೆ ಯಾರು?*

ಇದಕ್ಕೆ ಬಾಬಾಸಾಹೇಬರೇ ದಾರಿ ತೋರಿಸಿದ್ದಾರೆ. ಜಾತಿ ವಿನಾಶದ ಬಗ್ಗೆ ಗಾಂಧೀಜಿಗೆ ಕೊಟ್ಟ ಉತ್ತರದಲ್ಲಿ ಅವರು ಸಂತರ ಮಿತಿಯನ್ನು ಖಡಾಖಂಡಿತವಾಗಿ ಹೇಳಿದರು. ದೇವರ ಮುಂದೆ ಎಲ್ಲರೂ ಸಮಾನ ಎಂದು ಹಾಡುವುದು ಬೇರೆ, ಮನುಷ್ಯ ಮನುಷ್ಯರು ಸಮಾನ ಎಂದು ಜಾತಿಯ ವಿರುದ್ಧ ಹೋರಾಡುವುದು ಬೇರೆ ಎಂಬುದು ಅದರ ತಿರುಳು. ಅದೇ ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕವನ್ನು ನಂದನಾರ್, ರವಿದಾಸ, ಚೋಖಾಮೇಳ ಎಂಬ ಮೂವರು ಸಂತರ ನೆನಪಿಗೆ ಅರ್ಪಿಸಿದರು. ಅವರ ದೇವರನ್ನು ತಾವು ಒಪ್ಪಲಿಲ್ಲ, ಅವರು ಪಟ್ಟ ನೋವನ್ನು ಮರೆಯಲೂ ಇಲ್ಲ.

ಕನಕರನ್ನೂ ನಾವು ಹೀಗೇ ನೆನೆಯಬಹುದು ಎಂದು ನನಗೆ ಅನಿಸುತ್ತದೆ. ಕೈ ಮುಗಿದು ಪೂಜೆ ಮಾಡಬೇಕಿಲ್ಲ, ಮುಖ ತಿರುಗಿಸಿ ಹೋಗಲೂ ಬೇಕಿಲ್ಲ. ನಮಗಿಂತ ಮೊದಲು ಪ್ರಶ್ನೆ ಕೇಳಿದ ಊರ ಹಿರಿಯರೆಂದು ಗೌರವಿಸೋಣ. ನಮ್ಮ ಊರುಗಳಲ್ಲಿ ಕುರುಬ ಬಂಧುಗಳಿಗೆ ಅವರು ಗುರು. ಅವರ ಪ್ರಶ್ನೆಯನ್ನು ನಾವೂ ಅವರೂ ಒಟ್ಟಿಗೆ ಓದಿದರೆ ಊರಿನೊಳಗಿನ ಗೋಡೆಯೂ ಸ್ವಲ್ಪ ಬಿರುಕು ಬಿಟ್ಟೀತು.

ಕೊನೆಗೆ ಇನ್ನೊಂದು ಗೋಡೆ. ರಾಜಗೃಹದಲ್ಲಿ ಸುನೀತ ಎಂಬವನು ಕಸ ಗುಡಿಸಿ ಬದುಕುತ್ತಿದ್ದ. ಒಂದು ಬೆಳಗ್ಗೆ ಭಗವಾನ್ ಬುದ್ಧರು ಭಿಕ್ಷುಗಳೊಂದಿಗೆ ಅದೇ ಬೀದಿಯಲ್ಲಿ ಬಂದರು. ಸರಿಯಲು ಜಾಗವಿಲ್ಲದೆ ಸುನೀತ ಗೋಡೆಗೆ ಅಂಟಿಕೊಂಡು ಕೈ ಮುಗಿದು ನಿಂತ. ಬುದ್ಧರು ದಾಟಿ ಹೋಗಲಿಲ್ಲ. ಅವನ ಮುಂದೆ ನಿಂತು, ಭಿಕ್ಷುವಾಗು ಬಾ ಎಂದು ಕರೆದರು. ಅದೇ ಅವನ ದೀಕ್ಷೆ. ಸುನೀತ ತನ್ನ ಕಥೆಯನ್ನು ತಾನೇ ಹೇಳಿದ ಗಾಥೆಗಳು ಥೇರಗಾಥೆಯಲ್ಲಿ ಇಂದಿಗೂ ಇವೆ. ಕನಕರಿಗೆ ಕಿಂಡಿ ಸಿಕ್ಕಿತು. ಸುನೀತನಿಗೆ ಸಂಘವೇ ಸಿಕ್ಕಿತು.

ಅಕ್ಕಾ, ಮೊಮ್ಮಗ ಭಾಷಣ ಮಾಡಲಿ. ರಾಗಿ ಭತ್ತದ ಕಥೆಯನ್ನೇ ಹೇಳಲಿ, ಗಟ್ಟಿಯಾಗಿ ಹೇಳಲಿ. ಬಾಗಿಲು ಯಾಕೆ ತೆರೆಯಲಿಲ್ಲ ಎಂದು ಕೊನೆಗೆ ಒಂದು ಪ್ರಶ್ನೆಯನ್ನೂ ಕೇಳಲಿ. ಅವನ ಅಪ್ಪನೂ ಹೋಗಿ ಮುಂದಿನ ಸಾಲಿನಲ್ಲಿ ಕೂತು ಕೇಳಲಿ.

*ಇಂದಿನ ಅಭ್ಯಾಸ:* ನಮ್ಮ 9 ಮತ್ತು 10ನೇ ಪ್ರತಿಜ್ಞೆಗಳನ್ನು ಮನೆಮಂದಿ ಕೂಡಿ ಓದಿರಿ. ಎಲ್ಲರೂ ಸಮಾನರೆಂದು ನಂಬುತ್ತೇನೆ ಎಂಬುದು ಮೊದಲನೆಯದು, ಸಮಾನತೆಗಾಗಿ ದುಡಿಯುತ್ತೇನೆ ಎಂಬುದು ಎರಡನೆಯದು. ಇವತ್ತು ನಾವು ಯಾರನ್ನಾದರೂ ಬಾಗಿಲ ಹೊರಗೆ ನಿಲ್ಲಿಸಿದ್ದೇವೆಯೇ ಎಂದು ಮಲಗುವ ಮೊದಲು ಒಮ್ಮೆ ನೆನೆಯಿರಿ.

ಭವತು ಸಬ್ಬ ಮಂಗಲಂ
ಸಾಧು ಸಾಧು ಸಾಧು 🙏