ಮೂರು ಬಾಗಿಲ ಮುಂದೆ ಎಡವಿದ ಮಹಾ ಗಣಿತಜ್ಞ

ಕಳೆದ ವರ್ಷ ಒಂದು ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದೆ. ಅಲ್ಲಿ ಒಂದು ಒಗಟು ಕೇಳಿದರು. ಮುಚ್ಚಿದ ಮೂರು ಬಾಗಿಲುಗಳಿವೆ. ಒಂದರ ಹಿಂದೆ ಕಾರು, ಉಳಿದೆರಡರ ಹಿಂದೆ ಆಡು. ನೀವು ಒಂದು ಬಾಗಿಲು ಆರಿಸುತ್ತೀರಿ. ಕಾರು ಎಲ್ಲಿದೆಯೆಂದು ಗೊತ್ತಿರುವ ನಿರೂಪಕ, ಉಳಿದೆರಡರಲ್ಲಿ ಆಡು ಇರುವ ಒಂದನ್ನು ತೆರೆದು ತೋರಿಸಿ, ಬೇಕಾದರೆ ಆಯ್ಕೆ ಬದಲಿಸಿಕೊಳ್ಳಿ ಎನ್ನುತ್ತಾನೆ. ಬದಲಿಸಬೇಕೋ, ಬೇಡವೋ?

ಉಳಿದಿರುವುದು ಎರಡೇ ಬಾಗಿಲು, ಫಿಫ್ಟಿ-ಫಿಫ್ಟಿ, ಬದಲಿಸಿದರೂ ಬಿಟ್ಟರೂ ಒಂದೇ ಎಂದೆ. ತಪ್ಪು ಎಂದರು. ನಾನು ವಾದಕ್ಕಿಳಿದೆ. ಕೆಲಸ ಸಿಗಲಿಲ್ಲ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳಿಗೆ ಇದಕ್ಕಿಂತ ಅವಮಾನ ಬೇಕೆ? ರೂಮಿಗೆ ಬಂದು ಉತ್ತರ ಹುಡುಕುತ್ತಾ ಕೂತಾಗ, ಇದೇ ತಪ್ಪು ಮಾಡಿದ್ದ ಇನ್ನೊಬ್ಬರು ಸಿಕ್ಕರು. ಅವರೇ ಪಾಲ್ ಎರ್ಡಿಶ್.

ಎರ್ಡಿಶ್ ಹುಟ್ಟಿದ್ದು 1913ರ ಮಾರ್ಚ್ 26ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಅಪ್ಪ, ಅಮ್ಮ ಇಬ್ಬರೂ ಗಣಿತದ ಮೇಷ್ಟ್ರು. ಇವರು ಹುಟ್ಟುವ ಹೊತ್ತಿಗೇ ಇಬ್ಬರು ಅಕ್ಕಂದಿರು ಜ್ವರಕ್ಕೆ ಬಲಿಯಾದರು. ಮೊದಲ ಮಹಾಯುದ್ಧದಲ್ಲಿ ರಷ್ಯನ್ನರಿಗೆ ಸೆರೆಸಿಕ್ಕ ಅಪ್ಪ ಸೈಬೀರಿಯಾದಿಂದ ಮರಳಲು ಆರು ವರ್ಷ ಹಿಡಿಯಿತು. ಉಳಿದ ಒಬ್ಬನೇ ಮಗನಿಗೂ ಏನಾದರೂ ಆದೀತೆಂಬ ಭಯದಲ್ಲಿ ಅಮ್ಮ ಅವನನ್ನು ಶಾಲೆಗೂ ಸರಿಯಾಗಿ ಕಳಿಸಲಿಲ್ಲ. ಆ ಹುಡುಗನಿಗೆ ಅಂಕಿಗಳೇ ಗೆಳೆಯರಾದವು. ಮನೆಗೆ ಬಂದವರ ವಯಸ್ಸು ಕೇಳಿ, ಅವರು ಎಷ್ಟು ಸೆಕೆಂಡು ಬದುಕಿದ್ದಾರೆಂದು ಬಾಯಲ್ಲೇ ಹೇಳುತ್ತಿದ್ದನಂತೆ.

ಹದಿಹರೆಯದಲ್ಲಿ ಒಮ್ಮೆ ಚಪ್ಪಲಿ-ಬೂಟಿನ ಅಂಗಡಿಯೊಂದಕ್ಕೆ ಹೋಗಿ, ಅಂಗಡಿಯವರ ಮಗನಿಗೆ ನಾಲ್ಕು ಅಂಕಿಯ ಒಂದು ಸಂಖ್ಯೆ ಹೇಳಲು ಕೇಳಿ, ಅದರ ವರ್ಗವನ್ನು ಥಟ್ಟನೆ ಒಪ್ಪಿಸಿಬಿಟ್ಟರು. ಆ ಹುಡುಗ ಆಂಡ್ರ್ಯೂ ವಾಜೊನಿ. ಮುಂದೆ ಅವರೂ ಗಣಿತಜ್ಞರಾದರು. ಈ ಕಥೆಗೆ ಮತ್ತೆ ಬರುತ್ತಾರೆ.

1934ರಲ್ಲಿ ಡಾಕ್ಟರೇಟ್ ಪಡೆದ ಎರ್ಡಿಶ್ ಇಂಗ್ಲೆಂಡಿಗೆ, ಅಲ್ಲಿಂದ 1938ರಲ್ಲಿ ಅಮೆರಿಕಕ್ಕೆ ಹೋದರು. ಅವರದು ಯಹೂದಿ ಕುಟುಂಬ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಹತ್ಯಾಕಾಂಡಕ್ಕೆ ಬಂಧುಗಳಲ್ಲಿ ಹಲವರು ಬಲಿಯಾದರು. ಅಮ್ಮ ಉಳಿದುಕೊಂಡರು. ಎರ್ಡಿಶ್ ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಒಂದು ಸೂಟ್‌ಕೇಸ್ ಹಿಡಿದು ಊರೂರು ಅಲೆದು, ಗಣಿತಜ್ಞರ ಮನೆಯಲ್ಲಿ ಉಳಿದು, ಅವರ ಜೊತೆ ಲೆಕ್ಕ ಬಿಡಿಸಿ ಮುಂದಿನ ಊರಿಗೆ ಹೊರಡುವುದೇ ಬದುಕಾಯಿತು. ಹೀಗೆ ಐನೂರಕ್ಕೂ ಹೆಚ್ಚು ಜನರೊಂದಿಗೆ ಸೇರಿ ಬರೆದ ಪ್ರಬಂಧಗಳು ಸುಮಾರು 1500. ವುಲ್ಫ್ ಪ್ರಶಸ್ತಿಯ 50 ಸಾವಿರ ಡಾಲರ್ ಬಂದಾಗ, ತಮಗೆಂದು ಉಳಿಸಿಕೊಂಡದ್ದು 720 ಡಾಲರ್ ಮಾತ್ರ!

ಇವರು ಸಂಭವನೀಯತೆಯನ್ನು ಗಣಿತಕ್ಕೆ ಹೊಸ ಆಯುಧವಾಗಿ ಕೊಟ್ಟವರು ಎಂಬುದು ನನಗೆ ಇನ್ನೂ ಅಚ್ಚರಿ. ಕೋಟಿಗಟ್ಟಲೆ ಜೋಡಣೆಗಳಲ್ಲಿ ನಮಗೆ ಬೇಕಾದದ್ದು ಒಂದಾದರೂ ಇದೆಯೇ ಎಂದು ತಿಳಿಯಲು ಒಂದೊಂದನ್ನೇ ಹುಡುಕಬೇಕಿಲ್ಲ. ನಾಣ್ಯ ಚಿಮ್ಮಿ ಜೋಡಿಸುತ್ತಾ ಹೋದರೆ ಅದು ಸಿಗುವ ಸಂಭವ ಸೊನ್ನೆಗಿಂತ ಹೆಚ್ಚು ಎಂದು ತೋರಿಸಿದರೆ ಸಾಕು, ಅದು ಇದ್ದೇ ಇದೆ. 1947ರಲ್ಲಿ ಅವರು ಹೀಗೆ ಸಾಧಿಸಿದ ಒಂದು ಫಲಿತಾಂಶದಿಂದ ದೊಡ್ಡದೊಂದು ಶಾಖೆಯೇ ಬೆಳೆಯಿತು.

ಇಂಥವರು 1995ರಲ್ಲಿ ಹಳೆಯ ಗೆಳೆಯ ವಾಜೊನಿಯ ಅಮೆರಿಕದ ಮನೆಗೆ ಬಂದಿದ್ದಾಗ, ಮೂರು ಬಾಗಿಲಿನ ಮಾತು ಬಂತು. ಮಾಂಟಿ ಹಾಲ್ ಎಂಬವರು ನಡೆಸುತ್ತಿದ್ದ ಅಮೆರಿಕದ ಟಿ.ವಿ. ಆಟದಿಂದ ಹುಟ್ಟಿದ ಈ ಒಗಟು 1990ರಲ್ಲಿ ಅಲ್ಲಿನ ಪತ್ರಿಕೆಯೊಂದರ ಅಂಕಣದಲ್ಲಿ ಬಂದು ಭಾರೀ ಜಗಳ ಎಬ್ಬಿಸಿತ್ತು. ಬದಲಿಸಬೇಕು ಎಂದರು ವಾಜೊನಿ. ವ್ಯತ್ಯಾಸವೇ ಇಲ್ಲ ಎಂದರು ಎರ್ಡಿಶ್. ಚಿತ್ರ ಬರೆದು ವಿವರಿಸಿದರೂ ಒಪ್ಪಲಿಲ್ಲ, ಸಿಡಿಮಿಡಿಗೊಂಡರು. ಕೊನೆಗೆ ವಾಜೊನಿ ಕಂಪ್ಯೂಟರಿನಲ್ಲಿ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದರು. ಬದಲಿಸಿದವರೇ ದುಪ್ಪಟ್ಟು ಗೆಲ್ಲುತ್ತಿದ್ದರು! ಎರ್ಡಿಶ್ ಸೋಲೊಪ್ಪಿದರೂ ಸಮಾಧಾನವಾಗಲಿಲ್ಲ. ಕಂಪ್ಯೂಟರ್ ಫಲಿತಾಂಶ ಕೊಟ್ಟಿತೇ ಹೊರತು ಕಾರಣ ಹೇಳಲಿಲ್ಲ. ಮತ್ತೊಬ್ಬ ಗಣಿತಜ್ಞ ಗೆಳೆಯ ರಾನ್ ಗ್ರಹಾಂ ಕಾರಣ ಬಿಡಿಸಿ ಹೇಳಿದ ಮೇಲಷ್ಟೇ ನೆಮ್ಮದಿ. ಮರುವರ್ಷ, ಸೆಪ್ಟೆಂಬರ್ 20ರಂದು, ವಾರ್ಸಾದಲ್ಲಿ ಗಣಿತ ಸಮ್ಮೇಳನಕ್ಕೆ ಹೋಗಿದ್ದಾಗಲೇ ತೀರಿಕೊಂಡರು. ಆಗ ಅವರಿಗೆ 83.

ಇದನ್ನೆಲ್ಲ ಓದಿದ ರಾತ್ರಿ ರೂಮ್‌ಮೇಟ್‌ನ ಎಬ್ಬಿಸಿ ಕೂರಿಸಿದೆ. ಮೂರು ಲೋಟ ಬೋರಲು ಹಾಕಿ, ಒಂದರಡಿ ಹುಣಸೆಬೀಜ ಇಟ್ಟು ಅರವತ್ತು ಸಲ ಆಡಿದೆವು. ಪ್ರತಿಸಲವೂ ಬದಲಿಸಿದೆ. ಹೆಚ್ಚುಕಡಿಮೆ ನಲವತ್ತು ಸಲ ಗೆದ್ದೆ. ಆಗ ಕಾರಣವೂ ಹೊಳೆಯಿತು. ನನ್ನ ಮೊದಲ ಊಹೆ ಮೂರರಲ್ಲಿ ಎರಡು ಸಲ ತಪ್ಪೇ ಆಗಿರುತ್ತದೆ. ಅದು ತಪ್ಪಾದಾಗಲೆಲ್ಲ ಅವಳು ಎತ್ತಬಹುದಾದ ಖಾಲಿ ಲೋಟ ಒಂದೇ, ಮಿಕ್ಕ ಲೋಟದಡಿ ಬೀಜ ಇರಲೇಬೇಕು. ಎಲ್ಲಿದೆಯೆಂದು ಗೊತ್ತಿಲ್ಲದೆ ಅವಳು ಸುಮ್ಮನೆ ಒಂದು ಲೋಟ ಎತ್ತಿದ್ದರೆ, ಅದು ಖಾಲಿ ಬಂದಾಗ ನನ್ನ ಫಿಫ್ಟಿ-ಫಿಫ್ಟಿಯೇ ಸರಿ ಇರುತ್ತಿತ್ತು.

ಎರ್ಡಿಶ್ ತಪ್ಪಿದರೆಂದು ತಿಳಿದಾಗ ಮೊದಲು ಖುಷಿಯಾಗಿತ್ತು. ಆಮೇಲೆ ನಾಚಿಕೆಯಾಯಿತು. ಎಂಬತ್ತೆರಡರಲ್ಲಿ, ಅಷ್ಟು ಹೆಸರು ಮಾಡಿದ ಮೇಲೂ ಅವರು ತಪ್ಪೊಪ್ಪಿದರು, ಕಾರಣ ತಿಳಿಯುವವರೆಗೆ ಬಿಡಲಿಲ್ಲ. ಇಪ್ಪತ್ಮೂರರ ನಾನು ಇಂಟರ್‌ವ್ಯೂನಲ್ಲಿ ಯಾಕೆ ತಪ್ಪು ಎಂದು ಒಂದು ಮಾತೂ ಕೇಳಿರಲಿಲ್ಲ.

ಹೋದ ತಿಂಗಳು ಇನ್ನೊಂದು ಇಂಟರ್‌ವ್ಯೂನಲ್ಲೂ ನನ್ನ ಒಂದು ಉತ್ತರ ತಪ್ಪಾಯಿತು. ಈ ಸಲ ವಾದ ಮಾಡಲಿಲ್ಲ. ಸರ್, ಎಲ್ಲಿ ತಪ್ಪಿದೆ ತೋರಿಸಿ ಎಂದು ಪೆನ್ನು-ಹಾಳೆ ಮುಂದಿಟ್ಟೆ. ಐದು ನಿಮಿಷ ಕೂತು ಬಿಡಿಸಿ ತೋರಿಸಿದರು. ರಿಸಲ್ಟ್ ಇನ್ನೂ ಬಂದಿಲ್ಲ.